ಟ್ರೇಲರ್ ಏಸಿ: ನಡುಮನೆಯಲ್ಲಿ ಬಿರುಗಾಳಿ, ಮಲಗುವ ಕೋಣೆಯಲ್ಲಿ ಉಸಿರೂ ಇಲ್ಲ

ಗಾಲಿಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು 26 ಅಡಿ ಉದ್ದದ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಗಾಲಿಯ ಮನೆ. ಛಾವಣಿಯ ಮೇಲೆ ಒಂದೇ ಏಸಿ, ತಂಪು ಮಾಡುವ ಶಕ್ತಿ 13,500 ಬಿಟಿಯು. ಸೀಲಿಂಗ್ ಒಳಗೆ ಗಾಳಿ ಸಾಗುವ ಎರಡು ಸಾಲು ಡಕ್ಟ್, ಗಾಳಿ ಕೋಣೆಗೆ ಇಳಿಯಲು ಒಟ್ಟು ಎಂಟು ವೆಂಟ್.

ಅಡುಗೆ ಕಟ್ಟೆಯ ಹತ್ತಿರದ ವೆಂಟ್‌ಗಳಲ್ಲಿ ಗಾಳಿ ಪರವಾಗಿಲ್ಲ. ಮಲಗುವ ಕೋಣೆಯ ಎರಡು ವೆಂಟ್‌ಗಳದ್ದೇ ತಲೆನೋವು. ಅಂಗೈ ಒಡ್ಡಿದರೆ ಗಾಳಿ ಬರುತ್ತಿದೆಯೋ ಇಲ್ಲವೋ ಎಂದು ಯೋಚನೆ ಮಾಡಬೇಕು. ಟಿಶ್ಯೂ ಪೇಪರ್ ಹಿಡಿದು ನೋಡಿದೆ, ಅಲ್ಲಾಡಲೇ ಇಲ್ಲ. ಏಸಿ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ನೇರವಾಗಿ ಕೆಳಕ್ಕೆ ಗಾಳಿ ಬಿಡುವ ಚಿಕ್ಕ ಕಿಂಡಿಗಳಿವೆಯಲ್ಲ, ಅವನ್ನು ತೆರೆದರೆ ಮಾತ್ರ ಬಿರುಗಾಳಿ. ಅದರ ಕೆಳಗೆ ನಿಂತರೆ ಮೇಜಿನ ಮೇಲಿನ ಕಾಗದವೆಲ್ಲ ಹಾರುತ್ತದೆ.

ಫಿಲ್ಟರ್ ತೊಳೆದಿದ್ದೇನೆ. ಎಲ್ಲ ವೆಂಟ್‌ಗಳೂ ತೆರೆದೇ ಇವೆ. ಗ್ಯಾಸ್ ಕಡಿಮೆ ಆಗಿರಬಹುದಾ? ಇಲ್ಲ ಇದನ್ನು ತೆಗೆದು 15,000 ಬಿಟಿಯುದು ಹಾಕಿಸಿಬಿಡಲಾ? ಮೂರು ರಾತ್ರಿಯಿಂದ ಹೆಂಡತಿ ಮಕ್ಕಳು ನಡುಮನೆಯ ಸೋಫಾದಲ್ಲಿ ಮಲಗುತ್ತಿದ್ದಾರೆ. ನಾನೊಬ್ಬನೇ ಒಳಗೆ ಬೇಯುತ್ತಿದ್ದೇನೆ.

ದೂರದಾರಿ:
ಗ್ಯಾಸ್ ತುಂಬಿಸಿ ನೋಡಿ ಸರ್. ನಮ್ಮ ಕಾರಿನ ಏಸಿ ಹೀಗೇ ಆಗಿತ್ತು, ಗ್ಯಾಸ್ ಹಾಕಿಸಿದ ಮೇಲೆ ಸರಿಹೋಯಿತು.

ಹಳೇಸ್ಪ್ಯಾನರ್:
ತಡೀರಿ, ಗ್ಯಾಸ್ ತಂಟೆಗೆ ಈಗಲೇ ಹೋಗಬೇಡಿ. ಗ್ಯಾಸ್ ಕಡಿಮೆಯಾದರೆ ಬರುವ ಗಾಳಿ ಬೆಚ್ಚಗಾಗುತ್ತದೆ. ಗಾಳಿಯನ್ನು ತಳ್ಳುವುದು ಬ್ಲೋವರ್, ಗ್ಯಾಸ್ ಅಲ್ಲ. ಇನ್ನೊಂದು ವಿಷಯ, ಕಾರಿನ ಏಸಿಗೆ ಗ್ಯಾಸ್ ತುಂಬಲು ವಾಲ್ವ್ ಇರುತ್ತದೆ. ಟ್ರೇಲರ್ ಛಾವಣಿಯ ಏಸಿಗಳು ಸಾಮಾನ್ಯವಾಗಿ ಮನೆಯ ಫ್ರಿಜ್ ಥರ ಸೀಲ್ ಆಗಿಯೇ ಬರುತ್ತವೆ. ತುಂಬಲು ಬಾಯಿಯೇ ಇರುವುದಿಲ್ಲ.

15,000 ಕೂಡ ಬೇಡ. ಕೊಡ ತೂತಾಗಿದ್ದರೆ ದೊಡ್ಡ ನಲ್ಲಿ ಹಾಕಿಸಿ ಏನು ಮಾಡುತ್ತೀರಿ?

ನಿಮ್ಮ ಪೋಸ್ಟ್‌ನಲ್ಲೇ ಅರ್ಧ ಉತ್ತರ ಇದೆ. ಕಿಂಡಿ ತೆರೆದರೆ ಕಾಗದ ಹಾರುತ್ತದೆ ಅಂದಿರಿ. ಅಂದರೆ ಬ್ಲೋವರ್ ಚೆನ್ನಾಗಿಯೇ ಇದೆ. ಗಾಳಿ ಮೆಷಿನ್ ಬಿಟ್ಟು ಹೊರಟಿದೆ, ನಿಮ್ಮ ಹಾಸಿಗೆ ತನಕ ಬಂದಿಲ್ಲ. ದಾರಿಯಲ್ಲಿ ಎಲ್ಲಿ ಇಳಿದುಹೋಯಿತು ಅಂತ ಹುಡುಕಬೇಕು.

ಮೊದಲು ಒಂದು ಥರ್ಮಾಮೀಟರ್ ಹಿಡಿದು ಮೂರು ಅಳತೆ ಬರೆದುಕೊಳ್ಳಿ. ಏಸಿ 20 ನಿಮಿಷ ಓಡಿದ ಮೇಲೆ ಫಿಲ್ಟರ್ ಹತ್ತಿರ ಒಳಗೆ ಹೋಗುವ ಗಾಳಿ ಎಷ್ಟು, ಹತ್ತಿರದ ವೆಂಟ್‌ನಲ್ಲಿ ಎಷ್ಟು, ಮಲಗುವ ಕೋಣೆಯಲ್ಲಿ ಎಷ್ಟು. ಮೊದಲ ಎರಡರ ನಡುವೆ 9ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬಂದರೆ ಮೆಷಿನ್ ತನ್ನ ಕೆಲಸ ಮಾಡುತ್ತಿದೆ.

ಗಾಲಿಮನೆ:
ಅಳೆದೆ ಸರ್. ಫಿಲ್ಟರ್ ಹತ್ತಿರ 31, ಹತ್ತಿರದ ವೆಂಟ್ 19, ಮಲಗುವ ಕೋಣೆಯ ಬಲಗಡೆ ವೆಂಟ್ 25. ಎಡಗಡೆಯದರಲ್ಲಿ ಅಳೆಯಲು ಗಾಳಿಯೇ ಇಲ್ಲ.

ಹಳೇಸ್ಪ್ಯಾನರ್:
12 ಡಿಗ್ರಿ ವ್ಯತ್ಯಾಸ. ಮೆಷಿನ್ ಗಟ್ಟಿಮುಟ್ಟಾಗಿದೆ. ಆ 25 ಯಾಕೆ ಅಂದರೆ, ಗಾಳಿ ನಿಧಾನವಾಗಿ ತೆವಳುತ್ತಿದೆ. ಬಿಸಿಲಿಗೆ ಕಾದ ಛಾವಣಿಯ ಕೆಳಗೆ ಡಕ್ಟ್‌ನಲ್ಲಿ ಜಾಸ್ತಿ ಹೊತ್ತು ಇದ್ದರೆ ಅದೂ ಬಿಸಿಯಾಗುತ್ತದೆ.

ಈಗ ಮುಚ್ಚಳ ಬಿಚ್ಚೋಣ. ಒಳಗೆ ಏನಿರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಛಾವಣಿಯಲ್ಲಿ 14 ಇಂಚು ಉದ್ದ, 14 ಇಂಚು ಅಗಲದ ಚೌಕ ತೂತು. ಮೇಲೆ ಏಸಿ ಕೂತಿದೆ, ಕೆಳಗೆ ಸೀಲಿಂಗ್ ಪ್ಲೇಟ್. ನಡುವೆ ಛಾವಣಿಯ ದಪ್ಪದಷ್ಟು ಒಂದು ಪೆಟ್ಟಿಗೆ ಥರದ ಜಾಗ. ಅದನ್ನು ಒಂದು ತಡೆಗೋಡೆ ಎರಡು ಪಾಲು ಮಾಡುತ್ತದೆ. ಒಂದು ಪಾಲಿನಲ್ಲಿ ಕೋಣೆಯ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ ತಂಪು ಗಾಳಿ ಕೆಳಗಿಳಿದು ಅಕ್ಕಪಕ್ಕದ ಡಕ್ಟ್‌ಗೆ ತಿರುಗುತ್ತದೆ. ಈ ತಡೆಗೋಡೆ ಅನ್ನುವುದು ಬರೀ ತೆಳು ತಗಡು, ಇಲ್ಲ ಒಂದು ಥರ್ಮೊಕೋಲ್ ತುಂಡು. ಸಂದಿಗೆ ಟೇಪ್ ಅಂಟಿಸಿರುತ್ತಾರೆ. ಅದು ಬಿಟ್ಟರೆ ಕಥೆ ಮುಗಿಯಿತು. ತಂಪು ಗಾಳಿ ಕೋಣೆಗೆ ಬರುವ ಬದಲು ಪಕ್ಕದ ಪಾಲಿಗೆ ನುಗ್ಗಿ ಮತ್ತೆ ಮೆಷಿನ್ ಒಳಗೇ ಹೋಗುತ್ತದೆ. ಅಜ್ಜಿ ನೂತದ್ದೆಲ್ಲ ಮೊಮ್ಮಗನ ಉಡಿದಾರಕ್ಕೆ ಸರಿಹೋದ ಹಾಗೆ.

ಎರಡನೇ ಸೋರಿಕೆ ಪೆಟ್ಟಿಗೆಯ ಬದಿಗಳಲ್ಲಿ. ಛಾವಣಿಯ ಮರದ ಪಟ್ಟಿಗಳ ಸಂದಿಯಿಂದ ಗಾಳಿ ಸೀಲಿಂಗ್ ಮೇಲಿನ ಟೊಳ್ಳಿಗೆ ಹೋಗಿಬಿಡುತ್ತದೆ. ಅಲ್ಲಿ ತಂಪಾಗಬೇಕಾದವರು ಯಾರೂ ಇಲ್ಲ.

ಬಿಚ್ಚುವ ಮುಂಚೆ ಕರೆಂಟ್ ಪೂರ್ತಿ ತೆಗೆಯಿರಿ. ಥರ್ಮೋಸ್ಟಾಟ್ ಆಫ್ ಮಾಡಿದರೆ ಸಾಲದು. ಹೊರಗಿನ ಪ್ಲಗ್ ಕಿತ್ತು, ಬ್ರೇಕರ್ ಇಳಿಸಿ, ಜನರೇಟರ್ ಇದ್ದರೆ ಅದನ್ನೂ ನಿಲ್ಲಿಸಿ. ವೈರ್‌ಗಳಿರುವ ಡಬ್ಬಿಯ ಮುಚ್ಚಳ ಮಾತ್ರ ತೆಗೆಯಬೇಡಿ. ಕೆಪಾಸಿಟರ್‌ನಲ್ಲಿ ಕರೆಂಟ್ ತೆಗೆದ ಮೇಲೂ ಚಾರ್ಜ್ ಉಳಿದಿರುತ್ತದೆ, ಒದೆಯುತ್ತದೆ.

ಗಾಲಿಮನೆ:
ಬಿಚ್ಚಿದೆ! ನೀವು ಹೇಳಿದ್ದೆಲ್ಲ ಇದೆ.

ತಡೆಗೋಡೆ ಮೇಲ್ಗಡೆ ಒಂದು ಬೆರಳು ಹೋಗುವಷ್ಟು ಗಿಡ್ಡ. ಅದಕ್ಕೆ ಹಾಕಿದ್ದ ಟೇಪ್ ಒಣಗಿ ಹಾವಿನ ಪೊರೆಯ ಹಾಗೆ ನೇತಾಡುತ್ತಿತ್ತು. ಬಲಗಡೆ ಮರದ ಪಟ್ಟಿಯ ಅಂಚಿನಲ್ಲಿ ಬೆರಳಗಲದ ಕಪ್ಪು ಗೆರೆ. ಮೊದಲು ಬೂಷ್ಟು ಅಂದುಕೊಂಡೆ. ಒರೆಸಿದರೆ ಬರೀ ಧೂಳು. ಡಕ್ಟ್ ಬಾಯಿಯ ಸುತ್ತ ಮೂರು ಕಡೆ ಟೇಪ್ ಇದೆ, ಮೇಲ್ಗಡೆ ಇಲ್ಲ. ಅಲ್ಲಿ ಕೈಹಾಕಿದರೆ ನೇರ ಸೀಲಿಂಗ್ ಟೊಳ್ಳಿಗೆ ಹೋಗುತ್ತದೆ.

ಹಳೇಸ್ಪ್ಯಾನರ್:
ಆ ಕಪ್ಪು ಗೆರೆ ಸೋರಿಕೆಯ ಗುರುತು. ವರ್ಷಗಟ್ಟಲೆ ಗಾಳಿ ಆ ಸಂದಿಯಲ್ಲಿ ನುಗ್ಗಿ ಧೂಳು ಬಿಟ್ಟುಹೋಗಿದೆ. ಎಲ್ಲೆಲ್ಲಿ ಗೆರೆ ಕಾಣುತ್ತದೋ ಅಲ್ಲೆಲ್ಲ ಟೇಪ್ ಹಾಕಿ.

ಟೇಪ್ ವಿಷಯದಲ್ಲಿ ಜಿಪುಣತನ ಬೇಡ. ಅಲ್ಯೂಮಿನಿಯಂ ಫಾಯಿಲ್ ಟೇಪೇ ಆಗಬೇಕು. ಬಟ್ಟೆಯ ಬೂದು ಟೇಪ್ ತೇವಕ್ಕೂ ಬಿಸಿಗೂ ಅಂಟು ಬಿಡುತ್ತದೆ, ನಿಮ್ಮ ಹಾವಿನ ಪೊರೆ ಅದೇ ಇರಬೇಕು. ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಲು ಬಿಡಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬೇಡಿ. ಡಕ್ಟ್ ಥರ್ಮೊಕೋಲ್‌ನದ್ದಾದರೆ ಕಣ್ಣೆದುರೇ ಕರಗಿಹೋಗುತ್ತದೆ. ಟೇಪ್ ಅಂಟಿಸಿದ ಮೇಲೆ ಚಮಚದ ಬೆನ್ನಿನಿಂದ ಚೆನ್ನಾಗಿ ಉಜ್ಜಿ, ಸುಕ್ಕು ಉಳಿಯಬಾರದು.

ತಡೆಗೋಡೆಯ ಗಿಡ್ಡ ಜಾಗಕ್ಕೆ ಫಾಯಿಲ್ ಮುಖದ ಗಟ್ಟಿ ಫೋಮ್ ಬೋರ್ಡ್ ಕತ್ತರಿಸಿ, ಬಿಗಿಯಾಗಿ ಕೂರಿಸಿ, ಎರಡೂ ಕಡೆ ಟೇಪ್ ಹಾಕಿ. ಅದೇ ಬೋರ್ಡ್‌ನ ಇನ್ನೊಂದು ತುಂಡನ್ನು ಗಾಳಿ ಡಕ್ಟ್‌ಗೆ ತಿರುಗುವ ಕಡೆ ಓರೆಯಾಗಿ ಇಡಿ. ಈಗ ಮೇಲಿಂದ ಇಳಿದ ಗಾಳಿ ಪ್ಲೇಟ್‌ಗೆ ಬಡಿದು ಅಲ್ಲೇ ಸುತ್ತುತ್ತದೆ. ಓರೆ ಇಟ್ಟರೆ ಜಾರುಬಂಡೆಯಲ್ಲಿ ಜಾರಿದ ಹಾಗೆ ಡಕ್ಟ್ ಒಳಗೆ ಹೋಗುತ್ತದೆ.

ಹಾಗೇ ಏಸಿಯನ್ನು ಹಿಡಿದಿರುವ ನಾಲ್ಕು ಬೋಲ್ಟ್ ಕಾಣುತ್ತವೆ. ಕೈಯಲ್ಲಿ ಸ್ಪ್ಯಾನರ್ ಇದೆ ಅಂತ ಸುಮ್ನೆ ಬಿಗಿ ಮಾಡಬೇಡಿ. ಏಸಿಗೂ ಛಾವಣಿಗೂ ನಡುವೆ ನೀರು ತಡೆಯುವ ಮೆತ್ತನೆಯ ಗ್ಯಾಸ್ಕೆಟ್ ಸುಮಾರು ಒಂದು ಇಂಚು ದಪ್ಪ ಇರುತ್ತದೆ, ಅರ್ಧ ಇಂಚಿಗೆ ಅದುಮಿದ್ದರೆ ಸರಿ. ಇನ್ನೂ ಬಿಗಿದರೆ ಅದು ನಜ್ಜುಗುಜ್ಜಾಗಿ ಮಳೆ ನೀರು ಒಳಗಿಳಿಯುತ್ತದೆ. ಗಾಳಿ ರಿಪೇರಿ ಮಾಡಲು ಹೋಗಿ ಛಾವಣಿ ರಿಪೇರಿ ತಂದುಕೊಂಡವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಗಾಲಿಮನೆ:
ನಾಲ್ಕು ಗಂಟೆ ಕೆಲಸ. ತಲೆ ಮೇಲೆತ್ತಿ ಕುತ್ತಿಗೆ ಹಿಡಿದುಕೊಂಡಿದೆ. ಆದರೆ ಫಲ ಸಿಕ್ಕಿತು. ಅಡುಗೆ ಕಟ್ಟೆಯ ವೆಂಟ್‌ಗಳಲ್ಲಿ ಮೊದಲಿಗಿಂತ ಎರಡರಷ್ಟು ಗಾಳಿ ಅನಿಸುತ್ತಿದೆ. ಮಲಗುವ ಕೋಣೆಯ ಬಲಗಡೆ ಟಿಶ್ಯೂ ಪಟಪಟ ಅನ್ನುತ್ತಿದೆ.

ಎಡಗಡೆಯದು ಮಾತ್ರ ಹಾಗೇ ಸತ್ತು ಮಲಗಿದೆ. ಟೇಪ್ ಇನ್ನೂ ಎಲ್ಲಾದರೂ ಬಿಟ್ಟಿರಬಹುದಾ?

ಮರಗೆಲಸ:
ನಡುವೆ ಬಾಯಿ ಹಾಕುತ್ತಿದ್ದೇನೆ. ಬಲಗಡೆ ಸರಿಯಾಗಿ, ಎಡಗಡೆ ಪೂರ್ತಿ ಇಲ್ಲ ಅಂದರೆ ತೊಂದರೆ ಪೆಟ್ಟಿಗೆಯಲ್ಲಿಲ್ಲ, ಆ ಸಾಲಿನ ಡಕ್ಟ್‌ನಲ್ಲಿ ಇಲ್ಲವೇ ಆ ವೆಂಟ್‌ನಲ್ಲೇ ಇದೆ. ವೆಂಟ್ ಬಿಚ್ಚಿ ಫೋನ್ ಕ್ಯಾಮೆರಾ ಟಾರ್ಚ್ ಹಾಕಿ ಒಳಗೆ ತೂರಿಸಿ. ಸೀಲಿಂಗ್‌ನ ತೂತಿಗೂ ಡಕ್ಟ್‌ನ ತೂತಿಗೂ ತಾಳೆ ಇದೆಯಾ ನೋಡಿ. ನಮ್ಮದರಲ್ಲಿ ಅರ್ಧಚಂದ್ರದಷ್ಟು ಮಾತ್ರ ತೆರೆದಿತ್ತು, ಉಳಿದದ್ದು ಪ್ಲೈವುಡ್.

ಕೊನೆಯ ವೆಂಟ್ ದಾಟಿ ಡಕ್ಟ್ ಎಷ್ಟು ದೂರ ಹೋಗಿದೆ ಅಂತಲೂ ನೋಡಿ. ಕೆಲವರು ಎರಡು ಮೂರು ಅಡಿ ಹಾಗೇ ಬಿಟ್ಟು, ತುದಿಯನ್ನೂ ಸರಿಯಾಗಿ ಮುಚ್ಚಿರುವುದಿಲ್ಲ. ವೆಂಟ್‌ನ ಪಕ್ಕದಲ್ಲೇ ಫೋಮ್ ತುಂಡು ಇಟ್ಟು ಅಡ್ಡ ಕಟ್ಟಿ.

ಗಾಲಿಮನೆ:
ಸಿಕ್ಕಿತು, ಸಿಕ್ಕಿತು!

ವೆಂಟ್ ತೆಗೆದು ಕೈ ಹಾಕಿದೆ. ಬೆರಳಿಗೆ ದುಂಡಗಿನ ಏನೋ ತಗುಲಿತು. ಎಳೆದರೆ ಥರ್ಮೊಕೋಲ್ ಬಿಲ್ಲೆ, ವೆಂಟ್‌ನಷ್ಟೇ ಅಗಲ, ನಡುವೆ ಡ್ರಿಲ್ ಮಾಡಿದ ಸಣ್ಣ ತೂತು. ಟ್ರೇಲರ್ ಕಟ್ಟುವಾಗ ವೆಂಟ್‌ಗೆ ಕೊರೆದ ತುಂಡನ್ನೇ ಹೊರಗೆ ತೆಗೆದಿಲ್ಲ. ಅದು ಒಳಗೆ ಬಿದ್ದು, ಗಾಳಿ ಬಂದಾಗಲೆಲ್ಲ ಎದ್ದು ಬಾಯಿ ಮುಚ್ಚುತ್ತಿತ್ತು. ಆರು ವರ್ಷದಿಂದ! ಪುಣ್ಯಾತ್ಮರು.

ಜೊತೆಗೆ ಮರಗೆಲಸ ಅವರು ಹೇಳಿದ ಅರ್ಧಚಂದ್ರವೂ ಇತ್ತು. ಚಾಕುವಿನಿಂದ ತೂತನ್ನು ಪೂರ್ತಿ ದುಂಡಗೆ ಮಾಡಿ, ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ಎಳೆದೆ. ಡಕ್ಟ್‌ಗೂ ಸೀಲಿಂಗ್‌ಗೂ ನಡುವಿನ ಸಂದಿಯನ್ನು ಸುತ್ತಲೂ ಫಾಯಿಲ್ ಟೇಪ್‌ನಿಂದ ಮುಚ್ಚಿದೆ.

ಈಗಿನ ಅಳತೆ: ಫಿಲ್ಟರ್ ಹತ್ತಿರ 28, ಹತ್ತಿರದ ವೆಂಟ್ 17, ಮಲಗುವ ಕೋಣೆಯ ಎರಡೂ ಕಡೆ 18ರ ಆಸುಪಾಸು.

ಒಂದು ಸಂಶಯ. ನಡುಮನೆಯ ಒಂದೆರಡು ವೆಂಟ್ ಮುಚ್ಚಿದರೆ ಒಳಗೆ ಇನ್ನೂ ಜಾಸ್ತಿ ಗಾಳಿ ಬರುತ್ತದಲ್ವಾ?

ಹಳೇಸ್ಪ್ಯಾನರ್:
ಬರುತ್ತದೆ, ಆದರೆ ಆಸೆ ಜಾಸ್ತಿ ಆಗಬಾರದು. ರಾತ್ರಿ ಒಂದನ್ನು ಅರ್ಧ ಮುಚ್ಚಿ, ಸಾಕು. ಮೂರು ನಾಲ್ಕು ಮುಚ್ಚಿದರೆ ಕಾಯಿಲ್, ಅಂದರೆ ಗಾಳಿಯನ್ನು ತಣ್ಣಗಾಗಿಸುವ ಕೊಳವೆ ಸುರುಳಿ, ಅದರ ಮೇಲೆ ಹಾಯುವ ಗಾಳಿಯೇ ಕಡಿಮೆಯಾಗಿ ಐಸ್ ಕಟ್ಟುತ್ತದೆ.

ಸೆಕೆಸೆಕೆ:
ಐಸ್ ಅಂದಿರಲ್ಲ, ನನ್ನದೂ ಕೇಳಿಬಿಡುತ್ತೇನೆ. ನಮ್ಮ ಟ್ರೇಲರ್‌ನಲ್ಲಿ ಏಸಿ ಹಾಕಿದಾಗ ಎಲ್ಲ ವೆಂಟ್‌ಗಳಲ್ಲೂ ಒಳ್ಳೇ ಗಾಳಿ. ಎರಡು ಗಂಟೆ ಕಳೆದರೆ ಮೆಲ್ಲಗೆ ನಿಂತುಹೋಗುತ್ತದೆ, ಬ್ಲೋವರ್ ಸದ್ದು ಮಾತ್ರ ಇರುತ್ತದೆ. ಅರ್ಧ ಗಂಟೆ ಆಫ್ ಮಾಡಿ ಮತ್ತೆ ಹಾಕಿದರೆ ಸರಿ.

ಹಳೇಸ್ಪ್ಯಾನರ್:
ನಿಮ್ಮದು ಸೋರಿಕೆಯಲ್ಲ, ಐಸೇ. ಮತ್ತೆ ಗಾಳಿ ನಿಂತಾಗ ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟು ನೋಡಿ, ಕಾಯಿಲ್ ಬೆಳ್ಳಗೆ ಕಾಣುತ್ತದೆ. ಚಾಕು ಹಾಕಿ ಕೆರೆಯಬೇಡಿ. ಕೂಲಿಂಗ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ, ತಾನೇ ಕರಗುತ್ತದೆ.

ಫಿಲ್ಟರ್ ಕೊಳೆ, ಕಾಯಿಲ್ ಮೇಲೆ ಧೂಳು, ಬ್ಲೋವರ್ ರೆಕ್ಕೆಗಳಿಗೆ ನಾಯಿ ಕೂದಲು ಮೆತ್ತಿರುವುದು, ತೇವದ ರಾತ್ರಿಯಲ್ಲಿ ಫ್ಯಾನ್ ಲೋ ಇಟ್ಟು ಥರ್ಮೋಸ್ಟಾಟ್ ತೀರಾ ಇಳಿಸುವುದು, ಎಲ್ಲವೂ ಐಸ್ ತರುತ್ತವೆ. ಗಾಲಿಮನೆ ಅವರ ಹಾಗೆ ತಡೆಗೋಡೆ ಬಿಟ್ಟಿದ್ದರೂ ತರುತ್ತದೆ. ಆಗಲೇ ತಣ್ಣಗಾದ ಗಾಳಿ ಮತ್ತೆ ಕಾಯಿಲ್‌ಗೆ ಹೋಗುತ್ತದಲ್ಲ. ಇದೆಲ್ಲ ಸರಿಯಿದ್ದರೆ ಕಾಯಿಲ್‌ನ ಫಿನ್‌ಗಳ, ಅಂದರೆ ತೆಳು ತಗಡಿನ ಪದರಗಳ, ನಡುವೆ ಸಿಗಿಸಿರುವ ಸೆನ್ಸರ್ ನೋಡಿ, ತೆಳು ವೈರಿನ ತುದಿಯಲ್ಲಿರುತ್ತದೆ. ಐಸ್ ಕಟ್ಟುವ ಮುಂಚೆ ಕಂಪ್ರೆಸರ್ ನಿಲ್ಲಿಸುವುದು ಅದರ ಕೆಲಸ. ಕಳಚಿಕೊಂಡಿದ್ದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ದೂರದಾರಿ ಅವರು ಗ್ಯಾಸ್ ಅಂದರಲ್ಲ, ಅವರ ಮಾತಿಗೂ ಇಲ್ಲೊಂದು ಜಾಗ ಇದೆ. ಗಾಳಿ ಚೆನ್ನಾಗಿ ಆಡುತ್ತಿದ್ದೂ ಕಾಯಿಲ್‌ನ ಒಂದು ಮೂಲೆಯಲ್ಲಿ ಮಾತ್ರ ಐಸ್ ಕಟ್ಟಿ, ಉಳಿದದ್ದು ಬೆಚ್ಚಗಿದ್ದರೆ ಆಗ ಗ್ಯಾಸ್ ಮೇಲೆ ಅನುಮಾನ ಪಡಿ. ಅದು ಮೆಕ್ಯಾನಿಕ್ ಕೆಲಸ, ನಮ್ಮದಲ್ಲ.

ದೂರದಾರಿ:
ಬಚಾವಾದೆ.

ಸೆಕೆಸೆಕೆ:
ನೋಡಿದೆ. ಕಾಯಿಲ್ ಪೂರ್ತಿ ಬೆಳ್ಳಗಿತ್ತು. ಸೆನ್ಸರ್ ಫಿನ್ ಬಿಟ್ಟು ಹೊರಗೆ ನೇತಾಡುತ್ತಿತ್ತು, ಕಳೆದ ಸಲ ಕಾಯಿಲ್ ತೊಳೆದಾಗ ನಾನೇ ಎಳೆದಿರಬೇಕು. ವಾಪಸ್ ಸಿಗಿಸಿ ಮಧ್ಯಾಹ್ನ ಏಸಿ ಹಾಕಿದೆ. ಐದು ಗಂಟೆ ಆಯಿತು, ಕಂಪ್ರೆಸರ್ ಆಗಾಗ ನಿಂತು ಮತ್ತೆ ಶುರುವಾಗುತ್ತಿದೆ, ಗಾಳಿ ಹಾಗೇ ಇದೆ.