ಅಂಗಡಿಯಲ್ಲಿ ಹೊರಗಿದ್ದ ಮೊಟ್ಟೆ: ಮನೆಗೆ ತಂದ ಮೇಲೆ ಫ್ರಿಜ್ ಬೇಕಾ?

ಡೊಂಬಿವಲಿ_ಅಡುಗೆ: ಇಲ್ಲಿಯ ಕಿರಾಣಿ ಅಂಗಡಿಗಳಲ್ಲಿ 30ರ ಟ್ರೇಗಳನ್ನು ಹೊರಗೇ ಪೇರಿಸಿಟ್ಟಿರುತ್ತಾರೆ. ಮನೆಗೆ ತಂದ ಮೇಲೆ ಫ್ರಿಜ್‌ಗೆ ಹಾಕಲೇಬೇಕಾ? ಹಿಕ್ಕೆ ಅಂಟಿದ್ದರೆ ತೊಳೆದಿಡಬಹುದಾ? ನೀರಲ್ಲಿ ತೇಲಿದ್ದೆಲ್ಲ ಕೆಟ್ಟಿದ್ದಾ?

ಠಾಣೆ_ಭಟ್ರು: ತೊಳೆದು ಮಾತ್ರ ಇಡಬೇಡಿ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ, ಅವನ್ನು ಮುಚ್ಚಿರುವುದು ಮೇಲಿನ ತೆಳು ಪೊರೆ. ತೊಳೆದರೆ ಅದು ಹೋಗುತ್ತೆ. ತಣ್ಣೀರಾದರಂತೂ ಒಳಗಿನದು ಕುಗ್ಗಿ ಕೊಳೆನೀರನ್ನೇ ಒಳಗೆ ಎಳೆದುಕೊಳ್ಳುತ್ತೆ. ಹಿಕ್ಕೆಯನ್ನು ಒಣಬಟ್ಟೆಯಲ್ಲಿ ಒರೆಸಿಡಿ, ತೊಳೆಯುವುದಿದ್ದರೆ ಒಡೆಯುವ ಮುಂಚೆ. ಅಮೆರಿಕದಲ್ಲಿ ತೊಳೆದು ಮಾರುತ್ತಾರೆ, ಹಾಗಾಗಿ ಫ್ರಿಜ್ ಬೇಕೇ ಬೇಕು. ಯುರೋಪಿನಲ್ಲಿ ಸಾಮಾನ್ಯವಾಗಿ ತೊಳೆಯುವುದಿಲ್ಲ, ಅಂಗಡಿಯಲ್ಲಿ ಹೊರಗೇ ಇಡುತ್ತಾರೆ. ಆದರೆ ಅಲ್ಲಿಯ ಚಳಿಯ ಲೆಕ್ಕ ನಮ್ಮ ಮೇ ತಿಂಗಳಿಗೆ ಹೊಂದಲ್ಲ. ಮೂರ್ನಾಲ್ಕು ದಿನದಲ್ಲಿ ಮುಗಿಯುವಷ್ಟಿದ್ದರೆ ನೆರಳಲ್ಲಿ ಹೊರಗಿಡಿ, ಇಡೀ ಟ್ರೇ ತಂದರೆ ಫ್ರಿಜ್. 4 ಡಿಗ್ರಿಯಲ್ಲಿ ಮೂರು ವಾರ ಆರಾಮ.

ಪುಣೆ_ಬೇಕರಿ: ತೇಲಿದರೆ ಹಳೇದು ಅಂತ, ಕೆಟ್ಟಿದೆ ಅಂತಲ್ಲ. ದಿನ ಕಳೆದಂತೆ ಒಳಗಿನ ನೀರು ಆವಿಯಾಗಿ ದಪ್ಪ ತುದಿಯ ಗಾಳಿಗೂಡು ಹಿಗ್ಗುತ್ತೆ. ಅಡ್ಡ ಮಲಗಿದ್ದು ತಾಜಾ, ತಳದಲ್ಲೇ ನೆಟ್ಟಗೆ ನಿಂತಿದ್ದು ಸ್ವಲ್ಪ ಹಳೇದು. ತೇಲಿದ್ದನ್ನು ಬೇರೆ ಬಟ್ಟಲಿಗೆ ಒಡೆದು ಮೂಸಿ. ಗಬ್ಬು ವಾಸನೆ ಇದ್ದರೆ, ಬಿಳಿ ಭಾಗ ಗುಲಾಬಿಯೋ ಹಸಿರೋ ಆಗಿದ್ದರೆ ಎಸೆಯಿರಿ. ಬರೀ ನೀರಾಗಿ ಹರಡಿದರೆ ಭುರ್ಜಿಗೆ ನಡೆಯುತ್ತೆ, ಬುಲ್ಸೈಗೆ ಬೇಡ. ಬಿಳಿ ಮಬ್ಬಾಗಿದ್ದರೆ ಹೆದರಬೇಡಿ, ಅದು ತಾಜಾತನದ ಗುರುತು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗೆ ಮಾತ್ರ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹಳದಿ ಗಟ್ಟಿಯಾಗುವವರೆಗೆ ಬೇಯಿಸುವುದೊಂದೇ ದಾರಿ. ಮತ್ತೆ, ನೀರಲ್ಲಿ ಬಿಟ್ಟು ನೋಡಿದ್ದನ್ನು ಟ್ರೇಗೆ ವಾಪಸ್ ಇಡಬೇಡಿ, ಅವತ್ತೇ ಬಳಸಿ. ಭಟ್ರು ಹೇಳಿದ ತಣ್ಣೀರಿನ ಮಾತು ಇಲ್ಲಿಗೂ ಸೇರಿತು.

ಮಡಗಾಂವ್_ಕನ್ನಡಿಗ: ಫ್ರಿಜ್‌ಗೆ ಹೋದದ್ದು ಫ್ರಿಜ್‌ನಲ್ಲೇ ಇರಲಿ. ಮಳೆಗಾಲದಲ್ಲಿ ಹೊರಗೆ ತಂದಿಟ್ಟರೆ ಚಿಪ್ಪು ಬೆವರುತ್ತೆ, ಆ ತೇವದಲ್ಲಿ ಬ್ಯಾಕ್ಟೀರಿಯಾ ಒಳಗಿಳಿಯುತ್ತೆ. ಬಾಗಿಲಲ್ಲಿ ಮೊಟ್ಟೆಗೆಂದೇ ಗುಳಿ ಕೊಟ್ಟಿರುತ್ತಾರಲ್ಲ, ಅದು ಅತ್ಯಂತ ಕೆಟ್ಟ ಜಾಗ: ತೆರೆದಾಗಲೆಲ್ಲ ಬಿಸಿಗಾಳಿ. ಒಳತಟ್ಟಿನಲ್ಲಿ, ಮುಚ್ಚಿದ ಡಬ್ಬದಲ್ಲಿ, ಚೂಪು ತುದಿ ಕೆಳಗೆ. ಅಂಗಡಿಯ ರಟ್ಟಿನ ಟ್ರೇ ಜುಲೈನಲ್ಲಿ ನೆನೆದು ಬೂಷ್ಟು ಹಿಡಿಯುತ್ತೆ, ಬಿಸಾಡಿ.

ಡೊಂಬಿವಲಿ_ಅಡುಗೆ: ಥ್ಯಾಂಕ್ಸ್. ಬೇಯಿಸಿದ್ದನ್ನು ಡಬ್ಬಿಗೆ ಹಾಕಿ ಕಳಿಸಬಹುದಾ?

ಪುಣೆ_ಬೇಕರಿ: ಬೆಂದ ಮೊಟ್ಟೆ ಹಸಿಗಿಂತ ಬೇಗ ಕೆಡುತ್ತೆ, ಪೊರೆ ಹೋಗಿರುತ್ತೆ. ಸೆಖೆಯಲ್ಲಿ ಒಂದು ಗಂಟೆ ದಾಟಿಸಬೇಡಿ. ಸಿಪ್ಪೆ ಸಮೇತ ಫ್ರಿಜ್‌ನಲ್ಲಿಟ್ಟರೆ ಒಂದು ವಾರ.