ಇಫ್ತಾರ್‌ಗೆ ಮಕ್ಕಳಿಗೆ ಪಕ್ಕದ ಮನೆಯ ಹರೀರಾನೇ ಬೇಕು. ನಮ್ಮ ಗಂಜಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಲಂಡನ್)

ನಾವು ಪೂರ್ವ ಲಂಡನ್‌ನಲ್ಲಿದ್ದೇವೆ. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದವರು. ರಂಜಾನ್ ಬಂತೆಂದರೆ ನಮ್ಮಲ್ಲಿ ರವೆ ಗಂಜಿ ಇರಲೇಬೇಕು. ಹಾಲು, ತೆಂಗಿನಹಾಲು, ಏಲಕ್ಕಿ, ಮೇಲೆ ತುಪ್ಪದಲ್ಲಿ ಹುರಿದ ಸಣ್ಣ ಈರುಳ್ಳಿ, ಗೋಡಂಬಿ. ಖರ್ಜೂರ, ನೀರು ಆದ ಮೇಲೆ ಮೊದಲು ಕುಡಿಯುವುದು ಇದನ್ನೇ. ಅತ್ತೆ ಕಲಿಸಿಕೊಟ್ಟದ್ದು.

ನಮ್ಮ ಕಟ್ಟಡದಲ್ಲಿ ಸೂರ್ಯ ಮುಳುಗಿದಾಗಿನ ಮಗ್ರಿಬ್ ನಮಾಜಿಗೆ ಸ್ವಲ್ಪ ಮುಂಚೆ ಮನೆಯಿಂದ ಮನೆಗೆ ತಟ್ಟೆಗಳು ಓಡಾಡುತ್ತವೆ. ಮೊರಾಕೊದವರ ಮನೆಯಿಂದ ಹರೀರಾ ಬರುತ್ತದೆ. ಟೊಮೆಟೊ, ಕಡಲೆ, ಬೇಳೆ, ಕೊತ್ತಂಬರಿ ಹಾಕಿದ ದಪ್ಪ ಸೂಪು. ಜೊತೆಗೆ ಎಳ್ಳು, ಜೇನು ಹಾಕಿದ ಶಬಾಕಿಯಾ ಅನ್ನುವ ಕರಿದ ಸಿಹಿ. ಕೆಳಗಿನ ಸೊಮಾಲಿ ಮನೆಯವರು ಸಂಬೂಸ (ಅವರ ಸಮೋಸ) ಕೊಡುತ್ತಾರೆ. ಎದುರು ಮನೆಯ ಬಾಂಗ್ಲಾದೇಶದ ಆಪಾ ಮಂಡಕ್ಕಿಗೆ ಮಸಾಲೆ ಕಡಲೆ ಹಾಕಿ, ಪಿಯಾಜು (ಬೇಳೆ, ಈರುಳ್ಳಿಯ ಪಕೋಡ) ಮುರಿದು ಕಲಸಿ ಕಳಿಸುತ್ತಾರೆ. ಎಷ್ಟು ರುಚಿ ಅಂತೀರಿ! ಮಕ್ಕಳಿಗೆ ಅಷ್ಟರಲ್ಲೇ ಹೊಟ್ಟೆ ತುಂಬುತ್ತದೆ. ಗಂಜಿ ಪಾತ್ರೆ ಹಾಗೇ ಉಳಿಯುತ್ತದೆ.

ವಿಡಿಯೊ ಕಾಲ್‌ನಲ್ಲಿ ಅತ್ತೆ ದಿನಾ ಕೇಳುತ್ತಾರೆ, "ಗಂಜಿ ಕುಡಿದ್ರಾ ಮಕ್ಕಳು?" ಅವರಿಗೆ ಸುಮ್ನೆ ಹೂಂ ಅನ್ನಲು ನನಗೆ ಮನಸ್ಸಿಲ್ಲ. ಈ ತಟ್ಟೆಗಳೂ ಬರಲಿ, ಗಂಜಿಯೂ ಉಳಿಯಲಿ ಅಂತ ಆಸೆ. ಬಲವಂತ ಮಾಡಲಾ? ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ?

ಉತ್ತರ (ಬರ್ಲಿನ್)

ಬಲವಂತ ಬೇಡ ಅಕ್ಕಾ, ಕೆಲಸ ಕೊಡಿ. ಇಲ್ಲಿನ ತುರ್ಕಿ ಕುಟುಂಬಗಳನ್ನು ನೋಡಿ. ಜರ್ಮನಿ, ತುರ್ಕಿ ನಡುವಿನ 1961ರ ಕಾರ್ಮಿಕ ಒಪ್ಪಂದದ ಮೇಲೆ ದುಡಿಯಲು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಈಗ ಇಲ್ಲಿದ್ದಾರೆ. ಎಷ್ಟೋ ಮಕ್ಕಳು ತಮ್ಮ ತಮ್ಮಲ್ಲಿ ಜರ್ಮನ್‌ನಲ್ಲೇ ಮಾತಾಡುತ್ತಾರೆ. ಆದರೂ ರಂಜಾನ್ ಪಿದೆ ಬಿಟ್ಟಿಲ್ಲ. ದುಂಡಗಿನ ಬ್ರೆಡ್, ಮೇಲೆ ಅಡ್ಡಡ್ಡ ಗೆರೆ, ಎಳ್ಳು, ಕಲೋಂಜಿ. ಇಫ್ತಾರ್ ಹತ್ತಿರವಾದಾಗ ಬೇಕರಿ ಮುಂದೆ ಸಾಲು ಬೆಳೆಯುತ್ತದೆ. ನಮ್ಮ ಬೀದಿಯಲ್ಲಿ ಆ ಸಾಲಿನಲ್ಲಿ ಮಕ್ಕಳೇ ಜಾಸ್ತಿ. ಬಿಸಿ ಪಿದೆ ಮನೆಗೆ ತಲುಪಿಸುವುದು ಅವರ ಜವಾಬ್ದಾರಿ. ತಾನೇ ತಂದದ್ದನ್ನು ಯಾವ ಮಗು ಬೇಡ ಅನ್ನುತ್ತದೆ?

ಉತ್ತರ (ಸಿಡ್ನಿ)

ನನ್ನ ಮಾತು ಸ್ವಲ್ಪ ಬೇರೆ. ಒಂದಿಷ್ಟು ಹಟ ಬೇಕು. ಇಲ್ಲಿ ಲಾಕೆಂಬಾದ ಹಾಲ್ಡನ್ ಸ್ಟ್ರೀಟ್ ರಂಜಾನ್ ರಾತ್ರಿಗಳಲ್ಲಿ ಜನರಿಂದ ತುಂಬಿರುತ್ತದೆ. ಒಂಟೆ ಮಾಂಸದ ಬರ್ಗರ್, ಚೀಸ್ ಹಾಕಿದ ಸಿಹಿ ಕುನಾಫಾ, ಸಹ್ಲಬ್ ಅನ್ನುವ ಬಿಸಿ ಹಾಲಿನ ಪಾನೀಯ, ಏನಿಲ್ಲ ಹೇಳಿ! ಮುಸ್ಲಿಮರಲ್ಲದವರೂ ಬಂದು ತಿನ್ನುತ್ತಾರೆ. ನನಗೂ ಅಲ್ಲಿಗೆ ಹೋಗುವುದೆಂದರೆ ಖುಷಿ. ಆದರೆ ನಮ್ಮಲ್ಲಿ ಅದು ಶನಿವಾರಕ್ಕೆ ಮಾತ್ರ. ಉಳಿದ ದಿನ ಮೊದಲು ಮನೆಯ ಒಂದು ಲೋಟ, ಆಮೇಲೆ ಏನು ಬೇಕಾದರೂ ತಿನ್ನಲಿ.

ಉತ್ತರ (ಲೆಸ್ಟರ್)

ತಂಗೀ, ಈ ವರ್ಷಗಳನ್ನು ಕೈಬಿಡಬೇಡಿ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ಅಲ್ವಾ. 2016ರ ಜೂನ್‌ನಲ್ಲಿ ಇಲ್ಲಿ ಇಫ್ತಾರ್ ಆಗುವಾಗ ರಾತ್ರಿ ಒಂಬತ್ತು ದಾಟಿರುತ್ತಿತ್ತು. ಚಿಕ್ಕ ಮಕ್ಕಳು ಅಷ್ಟರಲ್ಲಿ ಮಲಗುತ್ತಿದ್ದರು. 2026ರಲ್ಲಿ ಫೆಬ್ರವರಿಗೆ ಬಂತು. ಐದೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಶಾಲೆಯಿಂದ ಬಂದ ಮಕ್ಕಳು ನೇರ ಅಡುಗೆಮನೆಗೆ ಬರಬಹುದು. ಚಳಿಗೆ ಬಿಸಿ ಗಂಜಿಗಿಂತ ಇನ್ನೇನು ಬೇಕು?

ಒಂದು ಕೇಳಲಾ? ಆ ತಟ್ಟೆಗಳಿಗೆ ನೀವು ಏನು ಹಾಕಿ ವಾಪಸ್ ಕಳಿಸುತ್ತೀರಿ? ಗಂಜಿಯನ್ನೇ ಕಳಿಸಿ. ಮಕ್ಕಳ ಕೈಯಲ್ಲೇ ಕಳಿಸಿ. ನಮ್ಮ ಮನೆಯದು ಅಂತ ಅವರೇ ನಾಲ್ಕು ಮನೆಗೆ ಹೇಳಿ ಬರಲಿ.

ಪ್ರಶ್ನೆ ಕೇಳಿದವರು (ಲಂಡನ್)

ಇಷ್ಟು ದಿನ ಹಣ್ಣು ಹಾಕಿ ಕಳಿಸುತ್ತಿದ್ದೆ ಅಣ್ಣಾ. ನಾಳೆಯಿಂದ ಗಂಜಿ. ಈರುಳ್ಳಿ ಹುರಿಯುವುದು ಮಗಳಿಗೆ, ಹಂಚುವುದು ಮಗನಿಗೆ. ಕೊಡುವ ಮುಂಚೆ ಗೋಡಂಬಿ ಯಾರಿಗಾದರೂ ಅಲರ್ಜಿಯೇ ಅಂತ ಕೇಳುತ್ತೇನೆ. ಆದರೆ ಆರಿದರೆ ಗಂಜಿ ಗಟ್ಟಿಯಾಗುತ್ತದಲ್ಲ, ಅದಕ್ಕೇನು ಮಾಡಲಿ?

ಉತ್ತರ (ಲೆಸ್ಟರ್)

ರವೆ ಕಮ್ಮಿ ಹಾಕಿ. ಒಂದು ಲೀಟರಿಗೆ ನಾಲ್ಕು ದೊಡ್ಡ ಚಮಚ ಸಾಕು. ತೆಂಗಿನಹಾಲು ಕೊನೆಗೆ ಹಾಕಿ, ಕುದಿಸಬೇಡಿ. ಈರುಳ್ಳಿ, ಗೋಡಂಬಿ ಬೇರೆ ಡಬ್ಬಿಯಲ್ಲಿ ಕೊಡಿ.