ಸಹಾಯ ಬೇಕು: ತಾಯಿ ಕಾರ್ಡಿನಲ್ಲಿ ಹೆರಿಗೆ ದಿನಾಂಕ ಯಾವುದು ಇರಬೇಕು?

ತಂಗಿ ಚೊಚ್ಚಲ ಬಸುರಿ. ಗುರುವಾರ ಮಂಗಳೂರಿನ ಲೇಡಿಗೋಷನ್ ಸರಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮೊದಲ ತಪಾಸಣೆ. ತೂಕ, ಬಿಪಿ, ಮೂತ್ರ, ಹಿಮೋಗ್ಲೋಬಿನ್, ರಕ್ತದ ಗುಂಪು, ಎಚ್‌ಐವಿ, ಹೆಪಟೈಟಿಸ್ ಬಿ ಎಲ್ಲ ನೋಡ್ತಾರೆ ಅಂತ ಗೊತ್ತುಂಟು. ಶುಗರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು ರಕ್ತ ತೆಗೀತಾರೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದ್ರೆ ಮರುದಿನ ಪುನಃ ಮಾಡ್ಬೇಕು. ಇವಳಿಗೆ ವಾಂತಿ ಜೋರು, ಅದಕ್ಕೂ ತಯಾರಾಗಿಯೇ ಹೋಗ್ತೇವೆ.

ಗೊಂದಲ ಇರುವುದು ದಿನಾಂಕದಲ್ಲಿ. ಅವಳ ಮುಟ್ಟು 40-45 ದಿನಕ್ಕೊಮ್ಮೆ. ಕೊನೆಯ ಮುಟ್ಟಿನ ಲೆಕ್ಕದಲ್ಲಿ 9 ವಾರ. ಸ್ಕ್ಯಾನಿನಲ್ಲಿ ಮಗುವಿನ ಉದ್ದ 10 ಮಿ.ಮೀ., ಅಂದ್ರೆ 7 ವಾರ, ಎದೆಬಡಿತ ಚೆನ್ನಾಗುಂಟು. ಮುಟ್ಟು ತಡವಾಗುವವರಲ್ಲಿ ಗರ್ಭ ಕಟ್ಟುವುದೂ ತಡ, ಹಾಗಾಗಿ ಈ ವ್ಯತ್ಯಾಸಕ್ಕೆ ಹೆದರಿಲ್ಲ. ಆದ್ರೆ ಆಶಾ ಅಕ್ಕ ಕಾರ್ಡಿನಲ್ಲಿ ಮುಟ್ಟಿನ ಲೆಕ್ಕದ ದಿನಾಂಕವನ್ನೇ ಬರೆದಿದ್ದಾರೆ. ಕೇಳಿದ್ದಕ್ಕೆ "ಡಾಕ್ಟರ್ ಹೇಳಿದ್ರೆ ಮಾತ್ರ ಬದಲಿಸ್ಬಹುದು" ಅಂದ್ರು. ಸ್ಕ್ಯಾನಿಂಗ್ ಸೆಂಟರಿನಲ್ಲೂ ಡಾಕ್ಟರನ್ನೇ ಕೇಳಿ ಅಂದ್ರು.

ಇದು ಬರೀ ಕಾಗದದ ವಿಷಯ ಅಲ್ಲ. ಎನ್‌ಟಿ ಸ್ಕ್ಯಾನಿಗೆ (ಮಗುವಿನ ಕುತ್ತಿಗೆ ಹಿಂದಿನ ನೀರಿನ ಪದರ ಅಳೆಯುವ ಸ್ಕ್ಯಾನ್) ಮಗು 45ರಿಂದ 84 ಮಿ.ಮೀ. ಇರಬೇಕು, ಕಾರ್ಡ್ ನೋಡಿ 11ನೇ ವಾರ ಅಂತ ಹೋದ್ರೆ ಅಳತೆ ಸಿಗದೆ ವಾಪಸ್ ಬರ್ಬೇಕು. ಕೊನೆಗೆ ದಿನ ಮೀರಿತು ಅಂತ ಎರಡು ವಾರ ಮೊದಲೇ ನೋವು ಬರಿಸುವ ಅಪಾಯವೂ ಉಂಟು.

ಈಚೆಗೆ ಲೇಡಿಗೋಷನ್‌ನಲ್ಲಿ ತೋರಿಸಿದ ಅಕ್ಕಂದಿರು ದಯವಿಟ್ಟು ಹೇಳಿ: ಮೊದಲ ದಿನವೇ ಈ ಸ್ಕ್ಯಾನ್ ರಿಪೋರ್ಟ್ ನೋಡಿ ಡಾಕ್ಟರ್ ಕಾರ್ಡಿನ ದಿನಾಂಕ ತಿದ್ದಿ ಸಹಿ ಹಾಕ್ತಾರಾ, ಅಥವಾ ಇನ್ನೊಂದು ಸ್ಕ್ಯಾನ್ ಆಗುವವರೆಗೆ ಕಾಯಿಸ್ತಾರಾ?